ಮೈಸೂರು ಕಬ್ಬಿಣದ ಕಾರ್ಖಾನೆಯ ಮೂಲದ್ರವ್ಯ

ಲಕ್ಷ್ಮೀಶನ ಜೈಮಿನಿ ಭಾರತವನ್ನು ಪಾಠ ಹೇಳಿದವರಿಗೆ ಭದ್ರಾವತಿಯೆಂದೊಡನೆ ಯೌವನಾಶ್ವನ ಪಟ್ಟಣವೂ ಅಲ್ಲಿಂದ ಭೀಮಸೇನನು ತಂದ ಯಜ್ಞಾಶ್ವವೂ ನೆನಪಿಗೆ ಬರುವುದು ಸಹಜವೇ. ಪ್ರಕೃತ ಲೇಖನದ ಭದ್ರಾವತಿ ಅದಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಭದ್ರಾನದಿಯ ದಡದಲ್ಲಿರುವ, ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಊರಿನಲ್ಲಿ ೧೯೨೩ನೆಯ ಇಸವಿ ಜನವರಿ ೧೮ನೆಯ ತಾರೀಖು ಕೆಲಸಕ್ಕೆ ತೊಡಗಿದ ಕಬ್ಬಿಣದ ಕಾರ್ಖಾನೆಯನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದಿದೆ. ಹಳೆಯ ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಮುಂದೆ ಆ ಊರಿಗೆ ಒದಗಿದ ಕಸುಬಿಗೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು.

ಈ ಕಾರ್ಖಾನೆಯಿಂದ ಹೊರಟ ಪದಾರ್ಥಗಳ ವೈವಿಧ್ಯವು ಆಶ್ಚರ್ಯಕರವಾದುದು. ಬೀಡುಕಬ್ಬಿಣ, ನೀರಿನ ಕೊಳಾಯಿಗಳು, ಉಕ್ಕು, ಸಿಮೆಂಟು, ಫೆರೋಸಿಲಿಕಾನ್ ಇವುಗಳ ಜೊತೆಗೆ ಟಾರು, ಮರದ ಮದ್ಯಸಾರ, ಸುಣ್ಣದ ಅಸಿಟೇಟುಗಳೂ ಒಂದೇ ಆವರಣದೊಳಗೆ ತಯಾರಾಗುತ್ತಿದ್ದುವು. ಕಬ್ಬಿಣವೇ ಈ ಕಾರ್ಖಾನೆಯ ಜೀವ, ಉಳಿದುವೆಲ್ಲ ಕಾಲಕ್ರಮದಲ್ಲಿ ಬಂದು ಸೇರಿಕೊಂಡ ಉಪಾಂಗಗಳು ಎಂದು ಸಾಮಾನ್ಯವಾಗಿ ಬರೆಯುವುದುಂಟು. ಅದರ ಸಾಫಲ್ಯ ವೈಫಲ್ಯಗಳನ್ನು ವಿಚಾರಿಸುವವರೂ ಕಬ್ಬಿಣದ ಲೆಕ್ಕವನ್ನೇ ಮುಂದಿಟ್ಟುಕೊಂಡು, ಕೆಲವರು ಅದನ್ನು ದೂರದೃಷ್ಟಿಯ ಫಲವೆಂದೂ ಮತ್ತೆ ಕೆಲವರು ದುಂದುವೆಚ್ಚವೆಂದೂ ತೀರ್ಪು ಕೊಟ್ಟಿದ್ದಾರೆ. ಈ ಎರಡು ಪಕ್ಷದವರೂ ಮೂಲದ್ರವ್ಯವನ್ನು ಗುರುತಿಸುವುದರಲ್ಲಿ ತಪ್ಪಿದ್ದಾರೆಂದು ನನಗೆ ತೋರುತ್ತದೆ. ಭದ್ರಾವತಿಯ ಮೂಲದ್ರವ್ಯವು ಅದಿರಲ್ಲ, ಕಟ್ಟಿಗೆ. ಅಲ್ಲಿ ಏನು ಹುಟ್ಟಿತು, ಏಕೆ ಹುಟ್ಟಿತು, ಎಷ್ಟರ ಮಟ್ಟಿಗೆ ಬೆಳೆಯಿತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರವು ಮಲೆನಾಡಿನ ಮರದಲ್ಲಿದೆ.

ನಮ್ಮ ದೇಶದ ಹಳೆಯ ಕಬ್ಬಿಣದ ಕಸುಬೂ ಮರವನ್ನೇ ನಂಬಿದ್ದಿತು. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ೧೮೦೭ರಲ್ಲಿ ಮೂರು ಸಂಪುಟಗಳಾಗಿ ತನ್ನ ಪ್ರವಾಸ ವೃತ್ತಾಂತವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ನನು, ಹಳ್ಳಗಳಲ್ಲಿ ಮಳೆಯ ನೀರು ತಂದು ಕೂಡಿಸಿದ ಕರಿಯ ಮರಳನ್ನು ತೊಳೆದು, ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನೊಡನೆ ಸುರಿದು, ಚರ್ಮದ ತಿದಿಗಳಿಂದ ಊದಿ ಕಬ್ಬಿಣದ ಮುದ್ದೆಯನ್ನು ತೆಗೆಯುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಆ ಕಬ್ಬಿಣವನ್ನು ಉಕ್ಕಾಗಿ ಮಾಡಬೇಕಾದರೆ ಅದನ್ನು ತುಂಡುಗಳನ್ನಾಗಿ ಮಾಡಿ, ಆವರಿಕೆಯ, ಎಂದರೆ ತಂಗಡಿಯ ಒಣಗಿದ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಮೇಲೆ ಹಸಿಯೆಲೆಗಳನ್ನು ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ ಉರಿಗೆ ಒಡ್ಡುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣದಲ್ಲಿ ಬೆರೆತು ಉಕ್ಕಾಗುತ್ತಿತ್ತು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ನನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪರೀಕ್ಷಿಸಿ ವರ್ಣಿಸಿದ ‘ವೂಟ್ಸ್’ ಎಂಬ ಲೋಹದ ಹೆಸರು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಸ್ವತಃ ಫ್ಯಾರಡೆಯೇ ಸ್ಟೋಡಾರ್ಟ್ ಎಂಬವನೊಡನೆ ಕೂಡಿ ಅದರ ಗುಣವನ್ನು ಶೋಧಿಸಲು ಕೆಲವು ಕಾಲ ಶ್ರಮಪಟ್ಟನು. ಪ್ರಾಚೀನರ ಕುಲುಮೆಗೂ ಭದ್ರಾವತಿಯ ಊದುಕುಲುಮೆಗೂ ಗಾತ್ರದಲ್ಲಿ ಅಜಗಜಾಂತರವಿದ್ದರೂ ಇದ್ದಿಲಿನ ವಿಷಯದಲ್ಲಿ ಅವೆರಡೂ ಒಂದೇ ಕುಲದವು. ಹಳ್ಳಿಯ ಕುಲುಮೆಗೆ ಊರ ಪಕ್ಕದ ಕುರುಚಲು ಕಾಡು ಸಾಕಾಗಿತ್ತು; ಇದಕ್ಕೆ ಎರಡು ಜಿಲ್ಲೆಗಳ ಅರಣ್ಯವು ಬೇಕಾಯಿತು. ವ್ಯತ್ಯಾಸವು ಇಷ್ಟೆ, ಆದರೆ ಈ ‘ಇಷ್ಟೆ’ ಎಂಬುದರೊಳಗೆ ಇಡೀ ಚರಿತ್ರೆಯು ಅಡಗಿದೆ.

೧೭೦೯ರಲ್ಲಿ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿಯು ಕಲ್ಲಿದ್ದಲನ್ನು ಸುಟ್ಟು ಪಡೆದ ಕೋಕಿನಿಂದ ಕಬ್ಬಿಣವನ್ನು ಕರಗಿಸಿದ ಮೇಲೆ ಲೋಕದ ಕಬ್ಬಿಣದ ಉದ್ಯಮವು ಕ್ರಮಕ್ರಮವಾಗಿ ಮರವನ್ನು ಬಿಟ್ಟು ಗಣಿಗೆ ತಿರುಗಿತು. ಹಿಂದೂದೇಶದಲ್ಲಿ ೧೯೧೧ರ ಕೊನೆಯಲ್ಲಿ ಬೀಡನ್ನು ಇಳಿಸಿದ ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಗೆ ಝರಿಯಾ ಕಲ್ಲಿದ್ದಲು ಗಣಿಗಳು ಸಮೀಪದಲ್ಲಿಯೇ ಇದ್ದುವು. ಮೈಸೂರಿಗೆ ಈ ಅನುಕೂಲವಿರಲಿಲ್ಲ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಉತ್ತಮವಾದ ಅದಿರು ಬೇಕಾದಷ್ಟಿತ್ತು. ಕೆಮ್ಮಣ್ಣುಗುಂಡಿ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಬಂಡಿಗುಡ್ಡದಲ್ಲಿ ಸುಣ್ಣಕಲ್ಲು ಇದ್ದಿತು. ಆದರೆ ಸಂಸ್ಥಾನದಲ್ಲೆಲ್ಲಿಯೂ ಕಲ್ಲಿದ್ದಲಿರಲಿಲ್ಲ. ಸಾವಿರ ಮೈಲಿಗೂ ಮಿಗಿಲಾದ ದೂರದಿಂದ ರೈಲಿನಲ್ಲಿ ಅದನ್ನು ತರಿಸಿದರೆ ಬೀಡಿನ ಬೆಲೆಯೆಲ್ಲ ಸಾಗಾಣಿಕೆಗೇ ಹೋಗುವಂತಿದ್ದಿತು. ೧೯೧೮ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷದಲ್ಲಿ, ಸರ್ಕಾರದವರು ಅಮೆರಿಕದ ತಜ್ಞರಾದ ಪೆರಿನ್ ಅವರ ಸಲಹೆಯನ್ನು ಪಡೆದು ಈ ಯೋಜನೆಯನ್ನು ಕೈಗೊಂಡಾಗ ಇದ್ದಿಲನ್ನು ಆರಿಸಿಕೊಂಡುದು ಇಷ್ಟದಿಂದಲ್ಲ, ಬೇರೆ ದಾರಿ ಇಲ್ಲದುದರಿಂದ.

ಇದ್ದಿಲಿಗೆ ಒಂದು ಗುಣವೂ ಒಂದು ದೋಷವೂ ಉಂಟು. ಕೋಕಿನಲ್ಲಿರುವಷ್ಟು ಗಂಧಕವು ಅದರಲ್ಲಿಲ್ಲ, ಬೂದಿಯೂ ಕಡಿಮೆ. ಆದುದರಿಂದ ಇದ್ದಿಲಿನ ಬೀಡು ಶುದ್ಧವಾಗಿದ್ದು, ನಾಜೂಕಾದ ಎರಕಗಳಿಗೂ ಉತ್ತಮ ಉಕ್ಕಿಗೂ ಯೋಗ್ಯವಾಗಿರುತ್ತದೆ. ಸ್ವೀಡನ್ ದೇಶದ ಕಬ್ಬಿಣಕ್ಕೆ ಬಹುಕಾಲ ಇದ್ದ ಕೀರ್ತಿಗೆ ಇದೂ ಒಂದು ಕಾರಣ. ದೋಷವೆಂದರೆ ಇದ್ದಿಲು ಮೆತು. ಊದುಕುಲುಮೆಯನ್ನು ಎತ್ತರವಾಗಿ ಕಟ್ಟಿ ಅದಿರು, ಸುಣ್ಣಕಲ್ಲುಗಳ ಭಾರವನ್ನು ಅದರ ಮೇಲೆ ಹೇರಿದರೆ ಅದು ಪುಡಿಯಾಗುತ್ತದೆ. ಪುಡಿಯಾದರೆ ಗಾಳಿಯು ಮೇಲೇರಲಾರದು, ಕುಲುಮೆಯು ಉಸಿರುಕಟ್ಟಿ ಕೆಲಸವು ನಿಲ್ಲುತ್ತದೆ. ಕೋಕಿನ ಕುಲುಮೆಗಳು ನೂರಾರು ಟನ್ನು ಬೀಡನ್ನು ದಿನವಹಿ ಇಳಿಸತಕ್ಕಷ್ಟು ದೊಡ್ಡವಾಗಿ ಬೆಳೆಯುತ್ತಿದ್ದಾಗ ಇದ್ದಿಲಿನ ಕುಲುಮೆಯು ಚಿಕ್ಕದಾಗಿಯೇ ಉಳಿಯಬೇಕಾಯಿತು. ಗಾತ್ರ ಹೆಚ್ಚಿದಷ್ಟೂ ಖರ್ಚು ಇಳಿಯುವ ಈ ಉದ್ಯಮದಲ್ಲಿ ಭದ್ರಾವತಿಯು ಜಮ್‌ಷೆಡ್‌ಪುರದೊಡನೆ ಬೆಲೆಯಲ್ಲಿ ಸರಿಸಾಟಿಯಾಗಲಾರದೆಂಬುದು ಆರಂಭದಲ್ಲಿಯೇ ನಿಶ್ಚಿತವಾಗಿದ್ದಿತೆನ್ನಬಹುದು.

ಹಾಗಾದರೆ ಲಾಭವು ಎಲ್ಲಿಂದ ಬರಬೇಕು? ದಿನವೊಂದಕ್ಕೆ ೬೦ ಟನ್ನು ಬೀಡನ್ನು ಕೊಡುವ ಒಂದು ಕುಲುಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಇದ್ದಿಲು ಬೇಕು. ಒಣಗಿದ ಕಟ್ಟಿಗೆಯು ತನ್ನ ತೂಕದ ಕಾಲುಭಾಗಕ್ಕೆ ತುಸು ಮೇಲ್ಪಟ್ಟು ಇದ್ದಿಲನ್ನು ಕೊಡುತ್ತದೆ. ಅಂದರೆ ದಿನಕ್ಕೆ ಸುಮಾರು ೨೦೦ ಟನ್ನು, ವರ್ಷಕ್ಕೆ ೭೦,೦೦೦ ಟನ್ನು ಕಟ್ಟಿಗೆಯನ್ನು ಕಡಿದು, ಒಣಗಿಸಿ, ಸಾಗಿಸಬೇಕು. ಕಾಡಿನಲ್ಲಿ ಮಣ್ಣು ಮುಚ್ಚಿ ಸುಡುವ ಹಳೆಯ ಕ್ರಮದಲ್ಲಿ ಉಳಿದ ಮುಕ್ಕಾಲು ಭಾಗವು ಹೊಗೆಯಾಗಿ ಹೋಗುತ್ತದೆ. ಆ ಹೊಗೆಯನ್ನು ಹಿಡಿಯುವುದಕ್ಕಾಗಿಯೇ ಭದ್ರಾವತಿಯಲ್ಲಿ ಕಟ್ಟಿಗೆಯನ್ನು ಬಟ್ಟಿಯಿಳಿಸುವ ದೊಡ್ಡ ಶಾಖೆಯೊಂದನ್ನು ಕಟ್ಟಿದರು. ಗಾಳಿಯಾಡದಂತೆ ಮುಚ್ಚಿದ ಬಟ್ಟಿಯೊಳಗೆ ಕಟ್ಟಿಗೆಯನ್ನು ಕಾಯಿಸಿದರೆ ಆವಿಯು ಹೊರಡುತ್ತದೆ. ಅದನ್ನು ತಣ್ಣಗೆ ಮಾಡಿದರೆ ಕಂದುಬಣ್ಣದ ಹುಳಿನೀರೂ ಟಾರೂ ಇಳಿಯುತ್ತವೆ. ತಣ್ಣಗಾಗದೆ ಉಳಿದ ಅನಿಲವು ಬಟ್ಟಿಯ ಕೆಳಗಣ ಉರಿಗೇ ಒದಗುತ್ತದೆ. ಹುಳಿನೀರಿಗೆ ಸುಣ್ಣವನ್ನು ಕೂಡಿಸಿ ಮದ್ಯಸಾರವನ್ನು ಬೇರ್ಪಡಿಸಿ ಮಿಕ್ಕುದನ್ನು ಇಂಗಿಸಿದರೆ ಸುಣ್ಣದ ಅಸಿಟೇಟು ದೊರೆಯುತ್ತದೆ. ಈ ಅಸಿಟೇಟಿನಿಂದ ಅಸಿಟೋನೂ, ಅಸಿಟೋನಿನ ಸಹಾಯದಿಂದ ತೋಪಿನ ಮದ್ದಾದ ಕಾರ್ಡೈಟೂ ತಯಾರಾಗುತ್ತಿದ್ದುದರಿಂದ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದಕ್ಕೆ ಎಲ್ಲಿಲ್ಲದ ಬೇಡಿಕೆಯಿದ್ದಿತು. ೧೯೧೮ರಲ್ಲಿ ಲೆಕ್ಕ ಹಾಕಿದವರ ಕಣ್ಣಿಗೆ ಬೀಡು ಒಂದು ಕಡೆ, ಈ ರಸಾಯನಗಳು ಮತ್ತೊಂದು ಕಡೆ, ತಕ್ಕಡಿಯ ಎರಡು ತಟ್ಟೆಗಳಂತೆ ಕಂಡಿರಬೇಕು. ಹೀಗೆ ಒಂದೇ ಮರವು ಎರಡು ಉದ್ಯಮಗಳನ್ನು ಹೊರಬೇಕೆಂಬುದು ಯೋಜನೆಯ ತಿರುಳು.

ದುರ್ದೈವದಿಂದ ಕಾರ್ಖಾನೆಯು ಕೆಲಸಕ್ಕೆ ತೊಡಗಿದ ೧೯೨೩ನೆಯ ಇಸವಿಯಲ್ಲಿಯೇ ಜರ್ಮನಿಯ ಲೊಯ್ನಾ ಎಂಬಲ್ಲಿ ಬಿ. ಎ. ಎಸ್. ಎಫ್. ಸಂಸ್ಥೆಯವರು ಕಟ್ಟಿಗೆಯ ಗೊಡವೆಯೇ ಇಲ್ಲದೆ, ಅನಿಲಗಳನ್ನು ಹೆಚ್ಚಾದ ಒತ್ತಡದಲ್ಲಿ ಕೂಡಿಸಿ ಅದೇ ಮದ್ಯಸಾರವನ್ನು ತಯಾರಿಸತೊಡಗಿದರು. ಎರಡು ಮೂರು ವರ್ಷಗಳೊಳಗೆ ಅದು ಸಮುದ್ರವನ್ನು ದಾಟಿ ಅಮೆರಿಕದ ಪೇಟೆಯನ್ನೂ ಹೊಕ್ಕಿತು. ಅಲ್ಲಿಯ ಹಳೆಯ ಬಟ್ಟಿಗಳೇ ತತ್ತರಿಸಿದ ಮೇಲೆ ಮಲೆನಾಡಿನ ಹೊಸ ಬಟ್ಟಿಯ ಗತಿಯನ್ನು ಹೇಳತಕ್ಕದ್ದೇನು! ಅಸಿಟಿಕ್ ಆಮ್ಲವನ್ನೂ ಅಸಿಟೋನನ್ನೂ ಬೇರೆ ಮಾರ್ಗಗಳಿಂದ ಪಡೆಯುವ ಕ್ರಮಗಳು ಯುದ್ಧಕಾಲದಲ್ಲಿಯೇ ಹುಟ್ಟಿದ್ದುವು. ಯುದ್ಧಾನಂತರ ಬೀಡಿನ ಬೆಲೆಯೂ ಬಿದ್ದಿತು. ತಕ್ಕಡಿಯ ಎರಡು ತಟ್ಟೆಗಳೂ ಒಮ್ಮೆಗೇ ಬರಿದಾದಂತಾಯಿತು. ಯುದ್ಧಕಾಲದ ಬೆಲೆಗಳು ಶಾಂತಿಕಾಲದಲ್ಲಿ ನಿಲ್ಲುವುದಿಲ್ಲವೆಂಬುದನ್ನು ಯೋಜಕರು ಇನ್ನೂ ಗಟ್ಟಿಯಾಗಿ ಎಣಿಸಬಹುದಾಗಿತ್ತು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಲೊಯ್ನಾದ ಶೋಧವನ್ನು ೧೯೧೮ರಲ್ಲಿ ಮುಂಗಾಣಲಿಲ್ಲವೆಂದು ಅವರನ್ನು ದೂಷಿಸುವುದು ಚರಿತ್ರಕಾರನ ಧರ್ಮವಲ್ಲ.

ಇಂತಹ ಸಂದರ್ಭದಲ್ಲಿ, ೧೯೨೩ರಿಂದ ೧೯೨೯ರ ವರೆಗೆ, ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು ವೆಚ್ಚವನ್ನು ಇಳಿಸುವುದರಲ್ಲಿಯೂ ಸ್ಥಳೀಕರನ್ನು ತರಬೇತು ಮಾಡುವುದರಲ್ಲಿಯೂ ಶ್ರಮವಹಿಸಿದರು. ಈ ಭಾಗವು ಸುಪರಿಚಿತವಾದುದರಿಂದ ಅದನ್ನು ಬೆಳೆಸುವುದಿಲ್ಲ. ಪ್ರಕೃತಕ್ಕೆ ಬೇಕಾದುದೇನೆಂದರೆ, ರಸಾಯನಗಳಲ್ಲಿ ಕಾಣದ ಲಾಭವನ್ನು ಆಗಿನಿಂದ ಬೀಡಿನ ಮುಂದಣ ಹಂತಗಳಲ್ಲಿ ಅರಸತೊಡಗಿದರು ಎಂಬುದು. ಬೀಡನ್ನು ಗಟ್ಟಿಗಳಾಗಿ ಮಾರಿದರೆ ಅದು ಲೋಕದ ಬೆಲೆಗೆ ದಾಸ; ಅದೇ ಬೀಡನ್ನು ಅಚ್ಚಿಗೆ ಸುರಿದು ಕೊಳಾಯಿಯಾಗಿ ಮಾಡಿದರೆ ದೂರದ ಸಾಗಾಣಿಕೆಯ ವೆಚ್ಚವೇ ಅದಕ್ಕೆ ಕೋಟೆಯಾಗುತ್ತದೆ. ಭಾರವಾದ ಕೊಳಾಯಿಯನ್ನು ಬಂಗಾಳದಿಂದ ತರಿಸುವುದಕ್ಕಿಂತ ಭದ್ರಾವತಿಯಲ್ಲಿ ಕೊಳ್ಳುವುದು ಈ ಸೀಮೆಯ ಪಟ್ಟಣಗಳಿಗೆ ಲೇಸಷ್ಟೆ. ೧೯೩೬ರಲ್ಲಿ ಉಕ್ಕಿನ ಶಾಖೆಯೂ ೧೯೩೮ರಲ್ಲಿ ಸಿಮೆಂಟಿನ ಶಾಖೆಯೂ ಬಂದುವು. ಕುಲುಮೆಯಲ್ಲಿ ಕಿಟ್ಟವನ್ನು ಕರಗಿಸಲು ಬೇಕಾದ ಸುಣ್ಣಕಲ್ಲೇ ಸಿಮೆಂಟಿಗೂ ಮೂಲವಾದುದರಿಂದ ಇದು ಹೊಸ ಸಾಹಸವೆನ್ನುವುದಕ್ಕಿಂತ ಕೈಯಲ್ಲಿದ್ದ ಗಣಿಯ ಪೂರ್ಣೋಪಯೋಗವೆನ್ನುವುದೇ ಸರಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಫೆರೋಸಿಲಿಕಾನ್ ತಯಾರಿಕೆಯು ಸೇರಿತು. ಬೆಣಚುಕಲ್ಲು, ಕಬ್ಬಿಣದ ಚೂರು, ಇಂಗಾಲ ಇವುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮಾಡುವ ಈ ಮಿಶ್ರಲೋಹವಿಲ್ಲದೆ ಉಕ್ಕಿನ ಕೆಲಸವು ಸಾಗದು. ಬೂದಿ ಕಡಿಮೆಯಾದ ಇದ್ದಿಲು ಅದಕ್ಕೆ ಅತ್ಯುತ್ತಮವಾದ ಇಂಗಾಲ. ಹೀಗೆ ಒಂದೊಂದು ಹೊಸ ಶಾಖೆಯನ್ನು ಹಿಡಿದು ಹಿಂದಕ್ಕೆ ಹೋದರೂ, ಸಿಮೆಂಟೊಂದನ್ನು ಬಿಟ್ಟರೆ, ನಾವು ಮತ್ತೆ ಬಂದು ನಿಲ್ಲುವುದು ಕಾಡಿನ ಅಂಚಿನಲ್ಲಿಯೇ.

ಆ ಕಾಡಿನ ಕಡೆಯ ಚರಿತ್ರೆಯನ್ನು ಯಾರೂ ಸಾವಧಾನವಾಗಿ ಬರೆದಂತೆ ತೋರುವುದಿಲ್ಲ. ಕೆಮ್ಮಣ್ಣುಗುಂಡಿಯಿಂದ ತೂಗುಹಗ್ಗದ ದಾರಿಯಲ್ಲಿ ಅದಿರಿನ ತೊಟ್ಟಿಲುಗಳು ಇಳಿದು ಬರುತ್ತಿದ್ದ ದೃಶ್ಯವನ್ನು ಬಣ್ಣಿಸಿದವರುಂಟು. ಶಿವಮೊಗ್ಗ ಮತ್ತು ಕಡೂರು ಜಿಲ್ಲೆಗಳ ಮಳೆಯಲ್ಲಿಯೂ ಚಳಿಜ್ವರದಲ್ಲಿಯೂ ಮರವನ್ನು ಕಡಿದು, ತುಂಡು ಮಾಡಿ, ಟ್ರಾಮಿನ ಕಂಬಿಯವರೆಗೆ ಎಳೆದು ತಂದವರ ಸಂಗತಿಯು ವರದಿಗಳಲ್ಲಿ ಟನ್ನಿನ ಅಂಕಿಗಳಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಅರಣ್ಯವನ್ನು ಸರತಿಯ ಮೇಲೆ ಕಡಿದು, ಕಡಿದಲ್ಲಿ ಮರಳಿ ಚಿಗುರಲು ಬಿಟ್ಟರೆ ಇಂಧನವು ಎಂದಿಗೂ ಬತ್ತದೆಂಬುದು ಯೋಜನೆಯ ನಂಬಿಕೆ. ಕಾಗದದ ಮೇಲೆ ಈ ಲೆಕ್ಕವು ಸರಿಯೇ. ಆದರೆ ಮರವು ಬೆಳೆಯುವ ವೇಗವು ಪೇಟೆಯ ಬೇಡಿಕೆಗೆ ತಲೆಬಾಗುವುದಿಲ್ಲ. ಹತ್ತಿರದ ಕಾಡು ಮುಗಿದ ಹಾಗೆಲ್ಲ ಕಂಬಿಯು ಮುಂದುವರಿಯುತ್ತದೆ, ಕಂಬಿ ಮುಂದುವರಿದ ಹಾಗೆಲ್ಲ ಇದ್ದಿಲಿನ ಬೆಲೆ ಏರುತ್ತದೆ.

ಜೋಗದಲ್ಲಿ ಶರಾವತಿಯ ವಿದ್ಯುಚ್ಛಕ್ತಿಯು ೧೯೪೮ರ ವೇಳೆಗೆ ದೊರೆತ ಮೇಲೆ, ೧೯೫೦ರ ದಶಕದಲ್ಲಿ, ಭದ್ರಾವತಿಯಲ್ಲಿ ಬೀಡನ್ನು ವಿದ್ಯುತ್ ಕುಲುಮೆಗಳಲ್ಲಿ ಇಳಿಸುವ ಏರ್ಪಾಡಾಯಿತು. ಕಾವನ್ನು ಕೊಡುವ ಹೊರೆಯನ್ನು ನದಿಯು ಹೊತ್ತುದರಿಂದ ಒಂದು ಟನ್ನು ಬೀಡಿಗೆ ಬೇಕಾದ ಇಂಗಾಲವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವಂತಾಯಿತು. ಕಾರ್ಖಾನೆಯು ೧೯೬೨ರಲ್ಲಿ ಕಂಪೆನಿಯಾಗಿ ಮಾರ್ಪಟ್ಟು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರನ್ನು ತಳೆದು, ೧೯೮೯ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, ೧೯೯೮ರಲ್ಲಿ ಅದರಲ್ಲಿಯೇ ಲೀನವಾಯಿತು. ವಿದ್ಯುತ್ ಕುಲುಮೆಯು ಬಂದ ಮೇಲೂ ಕಟ್ಟಿಗೆಯ ಋಣವು ಒಮ್ಮೆಗೇ ತೀರಲಿಲ್ಲ. ಅದಿರನ್ನು ಕಾಯಿಸಲು ವಿದ್ಯುತ್ತು ಸಾಕು. ಅದಿರಿನಲ್ಲಿ ಕಬ್ಬಿಣವನ್ನು ಬಿಗಿದಪ್ಪಿಕೊಂಡಿರುವ ಆಮ್ಲಜನಕವನ್ನು ಬಿಡಿಸುವುದಕ್ಕೆ ಇಂಗಾಲವೇ ಬೇಕು, ಮತ್ತು ಮೈಸೂರಿನಲ್ಲಿ ಕೈಗೆಟುಕುವ ಇಂಗಾಲವೆಂದರೆ ಇದ್ದಿಲು.