ಮೊಹರಂ ಪಾಠ ಮಾಡಿದ್ರೆ ತಪ್ಪೇನು?



ನಮ್ಮ ಕಡೆಯ ಸರ್ಕಾರಿ ಶಾಲೆಯ ಮಾಸ್ತರೊಬ್ಬರು ಮೊನ್ನೆ ಫೋನ್ ಮಾಡಿದ್ರು. ಏಳನೇ ಕ್ಲಾಸಿನ ಮಕ್ಕಳಿಗೆ ಮೊಹರಂ ಇತಿಹಾಸ ಹೇಳಿದ್ದಕ್ಕೆ, "ಶಾಲ್ಯಾಗ ಧರ್ಮ ಕಲಸ್ತೀರೇನು?" ಅಂತ ಯಾರೋ ಬಂದು ಜಗಳ ತೆಗೆದರಂತೆ. "ನಂದೇನರ ತಪ್ಪೈತೇನ್ರೀ ಅಣ್ಣಾ?" ಅಂದ್ರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಇದಕ್ಕೆ ಬಾಬಾಸಾಹೇಬರು 1948ರ ಡಿಸೆಂಬರ್ 7ರಂದೇ ಸಂವಿಧಾನ ಸಭೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುವ ವಿಧಿ, ಅಂದ್ರೆ ಇವತ್ತಿನ 28ನೇ ವಿಧಿ, ಅಂದು ಚರ್ಚೆಗೆ ಬಂದಿತ್ತು. ಬೋಧನೆ ಬೇರೆ, ಅಧ್ಯಯನ ಬೇರೆ ಅಂತ ಅವರು ಗೆರೆ ಎಳೆದರು. ಉದಾಹರಣೆಗೆ ತಗೊಂಡಿದ್ದೂ ಇಸ್ಲಾಮನ್ನೇ. ದೇವರು ಒಬ್ಬನೇ, ಪೈಗಂಬರರೇ ಕೊನೆಯ ಪ್ರವಾದಿ ಅಂತ ನಂಬಿಸುವುದು ಬೋಧನೆ. ತಿಳಿದುಕೊಳ್ಳುವುದು ಅಧ್ಯಯನ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಧರ್ಮಗಳ ಬಗ್ಗೆ ಓದುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಅಂತು.

ಹಾಗಾದ್ರೆ ಮಕ್ಕಳಿಗೆ ಏನು ಹೇಳಬೇಕು?

ಕ್ರಿ.ಶ. 680. ಇರಾಕಿನ ಕರ್ಬಲಾ. ಪೈಗಂಬರರ ಮೊಮ್ಮಗ ಹುಸೇನರು ಯಜೀದನ ಅಧಿಕಾರಕ್ಕೆ ತಲೆಬಾಗಲಿಲ್ಲ. ಯಜೀದನ ಸೈನ್ಯ ಅವರಿಗೆ ಯೂಫ್ರೆಟಿಸ್ ನದಿಯ ನೀರು ಸಿಗದಂತೆ ತಡೆಯಿತು. ಮೊಹರಂ ತಿಂಗಳ ಹತ್ತನೇ ದಿನ ಹುಸೇನರನ್ನೂ ಸಂಗಡಿಗರನ್ನೂ ಕೊಂದರು.

ಆ ನೋವು ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಬೇರು ಬಿಟ್ಟಿತು. ಆ ಮನೆತನದ ಮೊದಲ ದೊರೆ ಯೂಸುಫ್ ಆದಿಲ್ ಶಾಹ್ ಷಿಯಾ ಪಂಥ ಒಪ್ಪಿಕೊಂಡವನು. ಮುದಗಲ್ಲಿನ ಮೊಹರಂಗೆ ಇವತ್ತಿಗೂ ಎಲ್ಲ ಜಾತಿಯವರು ಬರ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಕುಣಿ ತೋಡ್ತಾರೆ, ಸಕ್ಕರಿ ಓದಿಸ್ತಾರೆ, ಕನ್ನಡದಲ್ಲೇ ರಿವಾಯತ್ ಪದ ಹಾಡ್ತಾರೆ. ಅರಬ್ಬಿಯ 'ಕತ್ಲ್' ಅಂದ್ರೆ ಕೊಲೆ. ನಮ್ಮವರ ಬಾಯಲ್ಲಿ ಅದು 'ಕತ್ತಲ ರಾತ್ರಿ' ಆಯ್ತು.

ಆದ್ರೆ ಮಾಸ್ತರೇ, ಇದನ್ನ ಬರೀ 'ಭಾವೈಕ್ಯ' ಅಂತ ಹೇಳಿ ಮುಗಿಸಬೇಡಿ. ಊರವರು ಹಬ್ಬ ಅಂದ್ರೂ ಷಿಯಾಗಳಿಗೆ ಅದು ಶೋಕದ ದಿನ. ಸುನ್ನಿಗಳಲ್ಲಿ ಅಂದು ಉಪವಾಸ ಇರುವವರಿದ್ದಾರೆ, ಪಂಜಾ ಎತ್ತೋದನ್ನ ಒಪ್ಪದವರೂ ಇದ್ದಾರೆ. ನಮ್ಮೂರಲ್ಲಿ ಅಲಾಯಿ ಮುಂದೆ ರಾತ್ರಿಯಿಡೀ ಹಲಗೆ ಬಡಿದವನು ನಮ್ಮಪ್ಪ. ಪಂಜಾ ಹಿಡಿಯೋ ಸರದಿ ಮಾತ್ರ ನಮ್ಮ ಕೇರಿಗೆ ಬರಲೇ ಇಲ್ಲ. ಅದನ್ನೂ ಹೇಳಿ. ಅದೂ ಇತಿಹಾಸವೇ.

ನಮ್ಮವ್ವ ಕರ್ಬಲಾದ ಪದ ಕೇಳಿ ಅಳ್ತಿದ್ಲು. ಯಾಕವ್ವಾ ಅಂದ್ರೆ, "ನೀರು ಕೊಡಲಿಲ್ಲಲ್ಲೋ ಯಪ್ಪಾ" ಅಂತಿದ್ಲು. ಊರ ಬಾವಿ ಹತ್ರ ಕೊಡ ಇಟ್ಟು, ಯಾರಾದ್ರೂ ನೀರು ಹಾಕ್ಲಿ ಅಂತ ದೂರ ನಿಂತು ಕಾದವಳು ಅವಳು. ಕರ್ಬಲಾ ಅವಳಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದಿದ್ದು ಯಾಕೆ ಅಂತ ನನಗೆ ಮೊದಲು ಅರ್ಥ ಆಗಿದ್ದು ಅವಳ ಆ ಅಳುವಿನಿಂದ.

ಪಾಠ ಮಾಡಿ ಮಾಸ್ತರೇ. ದೀಪಾವಳಿ, ಕ್ರಿಸ್‌ಮಸ್, ಬುದ್ಧ ಪೂರ್ಣಿಮೆಯನ್ನೂ ಹಿಂಗೇ ಮಾಡಿ. ನಂಬಿ ಅಂತ ಹೇಳಬೇಡಿ. ಪ್ರಶ್ನೆ ಕೇಳೋಕೆ ಬಿಡಿ.

ಜೈ ಭೀಮ್.