ಸಂಕೋಚದ ಮಕ್ಕಳು, ಹಠದ ಮಕ್ಕಳು: ಮಧುಗಿರಿ ಶೈಕ್ಷಣಿಕ ಜಿಲ್ಲೆಯಿಂದ ನೋಡಿದ ಮನೋಚಿಕಿತ್ಸೆಯ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಯ ಲೆಕ್ಕದಲ್ಲಿ ಮಾತ್ರ ಮಧುಗಿರಿ ಎಂಬ ಬೇರೆಯೇ ಶೈಕ್ಷಣಿಕ ಜಿಲ್ಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಈ ಹೆಸರು ಎಷ್ಟನೇ ಸ್ಥಾನದಲ್ಲಿದೆ ಎಂದು ಎಲ್ಲರೂ ನೋಡುತ್ತಾರೆ. ಅಂಕದ ಚರಿತ್ರೆ ಇಲ್ಲೇ ಸಿಗುತ್ತದೆ. ಆ ಮಕ್ಕಳ ಮನಸ್ಸಿನ ಆರೈಕೆಯ ಚರಿತ್ರೆಯನ್ನು ಬೆಂಗಳೂರಿನಿಂದ ಹಿಡಿಯಬೇಕು.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಇವೆರಡೂ ಸೇರಿ ನಿಮ್ಹಾನ್ಸ್ ಆದವು. ಅಲ್ಲಿನ ಮನೋವೈದ್ಯ ಆರ್. ಎಲ್. ಕಪೂರ್ ಅವರ ಕಾಲದಲ್ಲಿ ಸಕಲವಾರದ ಗ್ರಾಮೀಣ ಕೇಂದ್ರದಿಂದ ವೈದ್ಯರು ಹಳ್ಳಿಗೆ ಇಳಿದರು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಅದರ ಪ್ರಯೋಗ, ಆ ಪ್ರಯೋಗದ ಮಾದರಿಯಲ್ಲಿ 1996ರ ಜಿಲ್ಲಾ ಕಾರ್ಯಕ್ರಮ, ಎಲ್ಲವೂ ಆ ದಾರಿಯಲ್ಲೇ ಬಂದವು. ತುಮಕೂರು ಜಿಲ್ಲೆಯದೇ ಆದ ತುರುವೇಕೆರೆಯಲ್ಲಿ ನಿಮ್ಹಾನ್ಸ್ ನಡೆಸಿದ ಸಮುದಾಯ ಚಿಕಿತ್ಸೆ ವಿದ್ವತ್ ಪತ್ರಿಕೆಗಳಲ್ಲಿ ಹೆಸರು ಮಾಡಿತು. ಅದು ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗೆ ಮೀಸಲಾಗಿತ್ತು. ಬೀದಿಯಲ್ಲಿ ಕಾಣುವ ಕಾಯಿಲೆಗೆ ಮೊದಲ ಪಾಳಿ ಸಿಕ್ಕಿದ್ದು ತಪ್ಪಲ್ಲ. ಆದರೆ ಜನರೆದುರು ನಿಂತ ಹದಿನಾಲ್ಕರ ಹುಡುಗಿಯ ನಡುಕ ಆ ಸಾಲಿನಲ್ಲಿ ನಿಲ್ಲಲೇ ಇಲ್ಲ.

ಮನೆಯಲ್ಲೂ ಅಷ್ಟೇ. ತಲೆ ಎತ್ತದ, ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿಗೆ ‘ಒಳ್ಳೆ ಮಗು’ ಎಂಬ ಹೊಗಳಿಕೆ. ಎದುರುತ್ತರ ಕೊಡುವ ಹುಡುಗನಿಗೆ ತಾಯತ, ದೇವರ ಹರಕೆ, ಕೊನೆಗೆ ಮೇಷ್ಟ್ರ ಬೆತ್ತ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ವಿಚಿತ್ರವೆಂದರೆ ಆ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷ. ಹಠ ಬಲಿಯುವ ಒಂಬತ್ತು, ಹತ್ತನೇ ತರಗತಿಯ ಹೆಚ್ಚಿನ ಮಕ್ಕಳು ಅದರ ಆಚೆಗೆ ಉಳಿದರು. ಪಾವಗಡದಲ್ಲಿ ಇನ್ನೊಂದು ಎಳೆಯಿದೆ. ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ. ಎದ್ದು ನಿಂತು ಉತ್ತರ ಹೇಳುವಾಗಿನ ಅಂಜಿಕೆಯಲ್ಲಿ ಭಾಷೆಯ ಪಾಲೂ ಇರುತ್ತದೆಂದು ನನ್ನ ಊಹೆ.

ವೈದ್ಯಶಾಸ್ತ್ರವೇನೂ ಬೇಗ ಎಚ್ಚೆತ್ತುಕೊಳ್ಳಲಿಲ್ಲ. ಜನರೆದುರಿನ ಭಯವನ್ನು ಉಳಿದ ಭಯಗಳಿಂದ ಬೇರ್ಪಡಿಸಿ ತೋರಿಸಿದವರು 1966ರಲ್ಲಿ ಲಂಡನ್ನಿನ ಐಸಾಕ್ ಮಾರ್ಕ್ಸ್ ಮತ್ತು ಮೈಕೆಲ್ ಗೆಲ್ಡರ್. ಈ ಭಯವೂ ಮಕ್ಕಳ ಪ್ರತಿರೋಧದ ವರ್ತನೆಯೂ ಅಮೆರಿಕದ ರೋಗಪಟ್ಟಿಯಲ್ಲಿ ಸ್ವತಂತ್ರ ಜಾಗ ಪಡೆದದ್ದು 1980ರಲ್ಲಿ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಗ್ರಾಮಾಂತರ ಪ್ರದೇಶಗಳಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. 16 ವರ್ಷದವರೆಗಿನ ಮಕ್ಕಳಲ್ಲಿ ಶೇ. 12.5ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3 ಎಂದಿತು.

ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ ಈ ಕಥೆಗೆ ತಡವಾಗಿ ಸೇರಿದ ಎಳೆ. ಅಮೆರಿಕದ ಸ್ಟೀವನ್ ಹೇಯ್ಸ್ 1980ರ ದಶಕದಲ್ಲಿ ಇದನ್ನು ಕಟ್ಟತೊಡಗಿದರು. ಸಂಗಡಿಗರೊಂದಿಗೆ ಬರೆದ ಪೂರ್ಣ ಗ್ರಂಥ 1999ರಲ್ಲಿ ಬಂತು. ಲೂಯಿಸ್ ಹೇಯ್ಸ್ ಮತ್ತು ಜೋಸೆಫ್ ಚರೋಕಿ 2015ರಲ್ಲಿ ಅದನ್ನು ಹದಿಹರೆಯಕ್ಕೆ ಹೊಂದಿಸಿದರು. ಇದರ ಕ್ರಮ ಸರಳ. ಭಯವನ್ನು ಓಡಿಸಲು ಹೋಗುವುದಿಲ್ಲ. ‘ಎಲ್ಲರೂ ನಗುತ್ತಾರೆ’ ಎಂಬುದು ತಲೆಯಲ್ಲಿ ಬಂದ ಒಂದು ಯೋಚನೆಯಷ್ಟೇ ಎಂದು ಗುರುತಿಸಲು ಕಲಿಸುತ್ತಾರೆ. ಎದೆ ಹೊಡೆದುಕೊಳ್ಳುತ್ತಿರುವಾಗಲೇ ತನಗೆ ಬೇಕಾದ ಕೆಲಸದ ಕಡೆಗೆ ಒಂದು ಹೆಜ್ಜೆ ಇಡಿಸುತ್ತಾರೆ. ಹಠದ ಹುಡುಗನಿಗೂ ಇದೇ ಪಾಠ: ಸಿಟ್ಟು ಬರಲಿ, ಅದು ಹೇಳಿದ್ದನ್ನೆಲ್ಲ ಮಾಡಬೇಕಿಲ್ಲ. ಅವನ ಅಪ್ಪನಿಗೂ ಈ ಪಾಠ ಬೇಕು, ಬಹುಶಃ ಮಗನಿಗಿಂತ ಮೊದಲು. ನಾಚುವ ಮಗುವನ್ನೂ ಸಿಡುಕುವ ಮಗುವನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವುದು ಈ ಪದ್ಧತಿಯ ನಿಜವಾದ ಹೊಸತನ.

ಮಧುಗಿರಿಯ ನಾಲ್ಕು ತಾಲ್ಲೂಕುಗಳಿಗೆ ಈ ಚಿಕಿತ್ಸೆ ಬರಬೇಕಾದರೆ ಹೊಸ ಕಟ್ಟಡವೇನೂ ಬೇಡ. ಶಾಲೆಗಳಿಗಾಗಿ ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಪಾಠಗಳಿವೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸ್ನೇಹಾ ಕ್ಲಿನಿಕ್‌ಗಳಿವೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯದ ಏರ್ಪಾಡಿದೆ. ಆದರೆ ಸ್ನೇಹಾ ಕ್ಲಿನಿಕ್ ರಕ್ತಹೀನತೆ, ಮುಟ್ಟಿನ ತೊಂದರೆಗಳಿಗಷ್ಟೇ ಎಂದು ಊರವರು ತಿಳಿದಿದ್ದರೆ ಅಚ್ಚರಿಯಿಲ್ಲ. ಮಂಗಳವಾರದ ಸಾಲಿನಲ್ಲಿ ಮಗಳನ್ನು ನಿಲ್ಲಿಸಲು ತಾಯಿ ಹಿಂಜರಿಯುತ್ತಾಳೆ. ಹಾಗಾಗಿ ತರಬೇತಿ ಮೊದಲು ಸಿಗಬೇಕಾದ್ದು ಪ್ರೌಢಶಾಲೆಯ ಶಿಕ್ಷಕರಿಗೆ ಮತ್ತು ಹಾಸ್ಟೆಲ್ ವಾರ್ಡನ್‌ಗಳಿಗೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ಶಾಲೆಯ ಫಲಕದಲ್ಲಿ ಬರೆಸಿ. ಕರೆ ಉಚಿತ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.