ಒಂದೇ ಕಿಣ್ವಜೋಡಿ, ಎರಡು ವಾದ: ಮೀನುಗಳ ಲಿಂಗ ಪರಿವರ್ತನೆಯಲ್ಲಿ ಕಾರ್ಟಿಸಾಲ್

ಕೆರಿಬಿಯನ್ ಸಮುದ್ರದ ಹವಳದ ದಿಬ್ಬಗಳಲ್ಲಿ ವಾಸಿಸುವ ನೀಲಿತಲೆ ರ‍್ಯಾಸ್ ಮೀನಿನ ಸಂಸಾರದಲ್ಲಿ ನೀಲಿ ತಲೆಯ ದೊಡ್ಡ ಗಂಡಿನದೇ ಯಜಮಾನಿಕೆ. ಸುತ್ತ ಹಳದಿ ಮೈಯ ಹೆಣ್ಣುಗಳು, ಅವುಗಳಂತೆಯೇ ಕಾಣುವ ಒಂದಿಷ್ಟು ಚಿಕ್ಕ ಗಂಡುಗಳು. ಯಜಮಾನ ಗಂಡನ್ನು ಹಿಡಿದು ಬೇರೆಡೆಗೆ ಒಯ್ದರೆ, ಗುಂಪಿನ ಅತಿ ದೊಡ್ಡ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನಂತೆ ಉಳಿದವನ್ನು ಅಟ್ಟಲು, ಹೆಣ್ಣುಗಳನ್ನು ಓಲೈಸಲು ತೊಡಗುತ್ತದೆ. ಎಂಟು-ಹತ್ತು ದಿನ ಕಳೆಯುವಷ್ಟರಲ್ಲಿ ಅದರ ಅಂಡಾಶಯ ಕರಗಿ, ಅದೇ ಜಾಗದಲ್ಲಿ ವೀರ್ಯಾಣುಗಳನ್ನು ಉತ್ಪಾದಿಸುವ ವೃಷಣ ರೂಪುಗೊಂಡಿರುತ್ತದೆ. ಲಿಂಗ ಪರಿವರ್ತನೆಗೆ ಗುಂಪಿನ ಸಾಮಾಜಿಕ ವ್ಯವಸ್ಥೆಯೇ ಕಡಿವಾಣ ಎಂಬುದನ್ನು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಶುಚಿಗಾರ ರ‍್ಯಾಸ್ ಮೀನುಗಳಲ್ಲಿ ಡಿ. ಆರ್. ರಾಬರ್ಟ್‌ಸನ್ 1972ರಲ್ಲೇ ತೋರಿಸಿದ್ದರು. ಆದರೆ ಯಜಮಾನ ಇಲ್ಲವಾದ ಸುದ್ದಿ ಕಣ್ಣಿನಿಂದ ಮಿದುಳಿಗೆ, ಮಿದುಳಿನಿಂದ ಅಂಡಾಶಯಕ್ಕೆ ತಲುಪುವ ಬಗೆ ಯಾವುದು? ಈ ಪ್ರಶ್ನೆಗೆ ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿರುವ ಉತ್ತರ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು. ಕಾರ್ಟಿಸಾಲ್ ಈ ಸುದ್ದಿಯನ್ನು ಒಯ್ಯುತ್ತದೆ ಎನ್ನಲು ಸಾಕಷ್ಟು ಆಧಾರವಿದೆ. ಆದರೆ ಯಾವ ಮೀನು ಬದಲಾಗಬೇಕೆಂದು ತೀರ್ಮಾನಿಸುವುದೂ ಅದೇ ಎನ್ನುವುದಕ್ಕೆ ಆಧಾರ ಸಾಲದು ಎಂಬುದು ಈ ಲೇಖನದ ವಾದ.

ಮೀನು ಗಾಬರಿಗೊಂಡಾಗ ಹೈಪೊಥಲಾಮಸ್ ಪಿಟ್ಯುಟರಿಯನ್ನೂ, ಪಿಟ್ಯುಟರಿ ಮೂತ್ರಪಿಂಡದ ಮುಂತುದಿಯಲ್ಲಿರುವ ಅಂತರ್‌ವೃಕ್ಕ ಅಂಗಾಂಶವನ್ನೂ ಎಚ್ಚರಿಸುತ್ತವೆ. ಕಾರ್ಟಿಸಾಲ್ ಸ್ರವಿಸುವುದು ಈ ಅಂಗಾಂಶದಿಂದ. ಇಲ್ಲಿಯವರೆಗಿನದು ಪಠ್ಯಪುಸ್ತಕದ ವಿಷಯ. ಕುತೂಹಲ ಹುಟ್ಟುವುದು ಮುಂದಿನ ಹಂತದಲ್ಲಿ. ಮೀನುಗಳ ಪ್ರಮುಖ ಪುರುಷ ಹಾರ್ಮೋನು ಟೆಸ್ಟೊಸ್ಟೆರಾನ್ ಅಲ್ಲ, ಅದರಿಂದ ತಯಾರಾಗುವ 11-ಕೀಟೊಟೆಸ್ಟೊಸ್ಟೆರಾನ್. ಇದನ್ನು ತಯಾರಿಸಲು ಬೇಕಾದ ಎರಡು ಕಿಣ್ವಗಳು ಕಾರ್ಟಿಸಾಲ್‌ನ ಹಾದಿಯಲ್ಲೂ ಇವೆ. 11-ಬೀಟಾ ಹೈಡ್ರಾಕ್ಸಿಲೇಸ್ ಕಾರ್ಟಿಸಾಲನ್ನು ಕಟ್ಟುತ್ತದೆ. 11-ಬೀಟಾ ಹೈಡ್ರಾಕ್ಸಿಸ್ಟೀರಾಯ್ಡ್ ಡಿಹೈಡ್ರೋಜನೇಸ್‌ನ ಎರಡನೆಯ ಮಾದರಿ ಅದನ್ನು ನಿಷ್ಕ್ರಿಯ ಕಾರ್ಟಿಸೋನ್ ಆಗಿ ಮಾರ್ಪಡಿಸುತ್ತದೆ. ಟೆಸ್ಟೊಸ್ಟೆರಾನ್ ಕೂಡ ಇದೇ ಎರಡು ಕಿಣ್ವಗಳ ಕೈಯಲ್ಲಿ ಹಾದು 11-ಕೀಟೊಟೆಸ್ಟೊಸ್ಟೆರಾನ್ ಆಗುತ್ತದೆ.

ಹೀಗೆ ಕಿಣ್ವಜೋಡಿ ಒಂದೇ ಇದ್ದರೂ ಅದರಿಂದ ಹೊರಟ ವಾದಗಳು ಎರಡು, ಅವು ಒಂದಕ್ಕೊಂದು ಎದುರುಬದುರು. ಪೆರ್ರಿ ಮತ್ತು ಗ್ರೋಬರ್ 2003ರಲ್ಲಿ ಮಂಡಿಸಿದ ಮಾದರಿಯಲ್ಲಿ ಕಾರ್ಟಿಸಾಲ್ ಒಂದು ತಡೆ. ಯಜಮಾನನ ದಬ್ಬಾಳಿಕೆಯಲ್ಲಿರುವ ಅಧೀನ ಮೀನಿನಲ್ಲಿ ಕಾರ್ಟಿಸಾಲ್ ಹೆಚ್ಚಿದ್ದು ಕಿಣ್ವಗಳನ್ನು ತನ್ನ ಕೆಲಸಕ್ಕೇ ಹಿಡಿದಿಡುತ್ತದೆ. ಯಜಮಾನ ಹೋದಮೇಲೆ ಕಾರ್ಟಿಸಾಲ್ ಇಳಿದು ಕಿಣ್ವಗಳು ಬಿಡುವಾಗುತ್ತವೆ, ಪುರುಷ ಹಾರ್ಮೋನು ಏರುತ್ತದೆ. ಇನ್ನೊಂದು ವಾದದಲ್ಲಿ ಕಾರ್ಟಿಸಾಲೇ ಪ್ರಚೋದಕ. ಅದು ಏರಿದಾಗ ಅದನ್ನು ನಿಷ್ಕ್ರಿಯಗೊಳಿಸಲು ದೇಹ ಎರಡನೆಯ ಕಿಣ್ವದ ಉತ್ಪಾದನೆಯನ್ನು ಹೆಚ್ಚಿಸುತ್ತದೆ, ಆ ಭರಾಟೆಯಲ್ಲಿ 11-ಕೀಟೊಟೆಸ್ಟೊಸ್ಟೆರಾನ್ ಕೂಡ ಹೆಚ್ಚುತ್ತದೆ. ದೀರ್ಘಕಾಲದ ಒತ್ತಡವನ್ನೂ ಕ್ಷಣಿಕ ಏರಿಕೆಯನ್ನೂ ಬೇರ್ಪಡಿಸಿ ನೋಡಿದರೆ ಎರಡೂ ವಾದಗಳು ಒಂದೇ ಮೀನಿನಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ನಿಜವಾಗಿರುವುದು ಅಸಾಧ್ಯವೇನಲ್ಲ. ಹಾರ್ಮೋನನ್ನು ಒಂದೆರಡು ಬಾರಿ ಅಳೆದು ತೀರ್ಪು ಕೊಡುವ ಅಧ್ಯಯನಗಳ ಬಗ್ಗೆ ನನಗಿರುವ ಅನುಮಾನಕ್ಕೆ ಇದೇ ಕಾರಣ.

ಪ್ರಚೋದಕ ವಾದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿರುವುದು ಲಿಂಗ ಬದಲಿಸುವ ಮೀನುಗಳಲ್ಲಲ್ಲ, ಮರಿಹಂತದಲ್ಲಿ ಲಿಂಗ ನಿರ್ಧಾರವಾಗುವ ಮೀನುಗಳಲ್ಲಿ. ದಕ್ಷಿಣ ಅಮೆರಿಕದ ಪೆಹೆರ‍್ರೆಯ್ ಮೀನಿನ ಮರಿಗಳು 17 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹೆಣ್ಣಾಗಿಯೂ 29 ಡಿಗ್ರಿಯಲ್ಲಿ ಗಂಡಾಗಿಯೂ ಬೆಳೆಯುತ್ತವೆ. ಬಿಸಿನೀರಿನಲ್ಲಿ ಅವುಗಳ ಕಾರ್ಟಿಸಾಲ್ ಏರುವುದನ್ನೂ, ಹೊರಗಿನಿಂದ ಕೊಟ್ಟ ಕಾರ್ಟಿಸಾಲ್ ಗಂಡುಗಳ ಪ್ರಮಾಣವನ್ನು ಹೆಚ್ಚಿಸುವುದನ್ನೂ ಹತ್ತೋರಿ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದರು. ಜಪಾನಿನ ಮೆಡಾಕಾ ಮೀನಿನ ಪ್ರಯೋಗ (2010) ಇನ್ನೂ ಒಂದು ಹೆಜ್ಜೆ ಮುಂದಿದೆ: ಕಾರ್ಟಿಸಾಲ್ ತಯಾರಿಕೆಯನ್ನು ತಡೆಯುವ ಮೆಟಿರಪೋನ್ ಕೊಟ್ಟಾಗ, ವಂಶವಾಹಿಯಿಂದ ಹೆಣ್ಣಾದ ಮರಿಗಳು ಬಿಸಿನೀರಿನಲ್ಲಿ ಗಂಡಾಗುವುದು ತಪ್ಪಿತು. ಕಾರ್ಯಕಾರಣ ಸಂಬಂಧ ಸ್ಥಾಪಿಸಲು ಬೇಕಾದದ್ದು ಇಂಥ ಪ್ರಯೋಗವೇ. ಆದರೆ ಇನ್ನೂ ರೂಪುಗೊಳ್ಳದ ಜನನಾಂಗಕ್ಕೆ ದಾರಿ ತೋರುವುದು ಬೇರೆ, ಮೊಟ್ಟೆಯಿಡುತ್ತಿರುವ ಅಂಡಾಶಯವನ್ನು ಕೆಡವಿ ಕಟ್ಟುವುದು ಬೇರೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ನೇರವಾಗಿ ಹೊರಿಸುವ ಅಭ್ಯಾಸ ಈ ಕ್ಷೇತ್ರದಲ್ಲಿ ತುಸು ಹೆಚ್ಚೇ ಇದೆ.

ವಯಸ್ಕ ಮೀನುಗಳಲ್ಲೂ ಸುಳಿವುಗಳಿಲ್ಲದೆ ಇಲ್ಲ. ಮೂರುಚುಕ್ಕೆ ರ‍್ಯಾಸ್ ಮೀನಿನ ಹೆಣ್ಣುಗಳಿಗೆ ಕಾರ್ಟಿಸಾಲ್ ಕೊಟ್ಟಾಗ ಅಂಡಾಶಯ ವೃಷಣವಾಗಿ ಮಾರ್ಪಡುವುದನ್ನು ನೊಜು ಮತ್ತು ನಕಾಮುರಾ 2015ರಲ್ಲಿ ತೋರಿಸಿದರು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಎರಿಕಾ ಟಾಡ್, ನೀಲ್ ಗೆಮ್ಮೆಲ್ ಮತ್ತು ಸಹೋದ್ಯೋಗಿಗಳು ಫ್ಲಾರಿಡಾದ ಕಡಲಿನಲ್ಲಿ ನೀಲಿತಲೆ ರ‍್ಯಾಸ್ ಗುಂಪುಗಳಿಂದ ಯಜಮಾನ ಗಂಡುಗಳನ್ನು ತೆಗೆದು, ಬದಲಾಗುತ್ತಿದ್ದ ಹೆಣ್ಣುಗಳ ವಂಶವಾಹಿಗಳ ಚಟುವಟಿಕೆಯನ್ನು ಹಂತಹಂತವಾಗಿ ದಾಖಲಿಸಿದರು. 2019ರಲ್ಲಿ ಅದು ಪ್ರಕಟವಾಯಿತು. ಈಸ್ಟ್ರೊಜೆನ್ ತಯಾರಿಸುವ ಅರೊಮಟೇಸ್‌ನ ವಂಶವಾಹಿ ಆರಂಭದಲ್ಲೇ ಕುಗ್ಗುತ್ತದೆ, ಕಾರ್ಟಿಸಾಲ್ ಹಾದಿಯ ವಂಶವಾಹಿಗಳು ಚುರುಕಾಗುತ್ತವೆ, ಕಾರ್ಟಿಸಾಲ್ ಗ್ರಾಹಕಗಳ ಸಮತೋಲವೂ ಬದಲಾಗುತ್ತದೆ. ಬಹು ಅಮೂಲ್ಯ ದಾಖಲೆ ಇದು. ಆದರೂ ಜೊತೆಜೊತೆಗೆ ನಡೆದ ಘಟನೆಗಳ ದಾಖಲೆಯೇ ಹೊರತು ಯಾವುದು ಯಾವುದನ್ನು ಉಂಟುಮಾಡಿತು ಎಂಬುದರ ಸಾಬೀತಲ್ಲ.

ಒತ್ತಡವೊಂದೇ ಸಾಲದು ಎಂದು ಹೇಳುವ ಹಳೆಯ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ಹವಾಯಿಯ ತಡಿಪಟ್ಟೆ ರ‍್ಯಾಸ್ ಮೀನನ್ನು ಅಭ್ಯಸಿಸಿದ ರಾಸ್, ಲೋಸಿ ಮತ್ತು ಡೈಮಂಡ್ (1983) ಕಂಡಂತೆ, ಒಂಟಿಯಾಗಿಟ್ಟ ಹೆಣ್ಣು ಲಿಂಗ ಬದಲಿಸುವುದಿಲ್ಲ. ತನಗಿಂತ ಚಿಕ್ಕ ಸ್ವಜಾತಿಯ ಮೀನು ಜತೆಗಿದ್ದರೆ ಬದಲಿಸುತ್ತದೆ, ದೊಡ್ಡದಿದ್ದರೆ ಇಲ್ಲ. ಗುಂಪಿನಲ್ಲಿ ಬಾಳುವ ಮೀನಿಗೆ ಒಂಟಿತನವೇನು ಸಣ್ಣ ಒತ್ತಡವಲ್ಲ. ಆದರೂ ಪರಿವರ್ತನೆ ಆಗಲಿಲ್ಲ. ಮೀನು ನೋಡುತ್ತಿರುವುದು ತನ್ನ ಸ್ಥಾನವನ್ನು. ನೀಲಿತಲೆ ರ‍್ಯಾಸ್ ಮೀನಿನ ಅಂಡಾಶಯವನ್ನು ತೆಗೆದುಹಾಕಿದ ಮೇಲೂ ಅದು ಗಂಡಿನ ವರ್ತನೆ ತೋರಿಸಿತೆಂಬ ಗಾಡ್ವಿನ್, ಕ್ರೂಸ್, ವಾರ್ನರ್ ಅವರ 1996ರ ವರದಿಯೂ ತೀರ್ಮಾನ ಮಿದುಳಿನಲ್ಲೇ ಆಗುತ್ತದೆ ಎನ್ನುತ್ತದೆ.

ಇನ್ನೊಂದು ತೊಡಕು ಸೀ ಎನಿಮೋನ್‌ಗಳ ನಡುವೆ ಬಾಳುವ ಕ್ಲೌನ್ ಮೀನಿನದು. ಅಲ್ಲಿ ಪರಿವರ್ತನೆ ಗಂಡಿನಿಂದ ಹೆಣ್ಣಿಗೆ. ಕಾರ್ಟಿಸಾಲ್ ಏರಿದರೆ ಪುರುಷ ಹಾರ್ಮೋನು ಏರುವುದೇ ನಿಯಮವಾದರೆ ಈ ಮೀನು ಹೆಣ್ಣಾಗುವುದು ಹೇಗೆ? ದಿಕ್ಕನ್ನು ಆಯಾ ಜಾತಿಯ ಜನನಾಂಗ ತನ್ನ ಗ್ರಾಹಕಗಳ ಮೂಲಕ ನಿರ್ಧರಿಸುತ್ತದೆ, ಕಾರ್ಟಿಸಾಲ್ ಬರೀ ಬಾಗಿಲು ತೆರೆಯುತ್ತದೆ ಎಂದುಕೊಳ್ಳದೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಕಾರ್ಟಿಸಾಲ್ ಸುದ್ದಿವಾಹಕ ಮಾತ್ರ ಎಂಬುದನ್ನು ಪರೀಕ್ಷಿಸಬಹುದು. ಯಜಮಾನ ಗಂಡನ್ನು ತೆಗೆದ ಗುಂಪಿನ ದೊಡ್ಡ ಹೆಣ್ಣಿಗೆ ಮೆಟಿರಪೋನ್ ಕೊಟ್ಟಾಗ ವರ್ತನೆ ಬದಲಾಗಿಯೂ ಅಂಡಾಶಯ ಹಾಗೆಯೇ ಉಳಿದರೆ, ಕಾರ್ಟಿಸಾಲ್ ಸುದ್ದಿವಾಹಕವೆಂಬ ವಾದ ನಿಲ್ಲುತ್ತದೆ. ಎರಡೂ ಬದಲಾದರೆ ಬೀಳುತ್ತದೆ. ಒಂದು ಎಚ್ಚರ ಮಾತ್ರ ಅಗತ್ಯ. ಮೆಟಿರಪೋನ್ ತಡೆಯುವುದು 11-ಬೀಟಾ ಹೈಡ್ರಾಕ್ಸಿಲೇಸನ್ನು. ಪುರುಷ ಹಾರ್ಮೋನಿನ ಹಾದಿಯಲ್ಲೂ ಅದೇ ಕಿಣ್ವ ಇರುವುದರಿಂದ, 11-ಕೀಟೊಟೆಸ್ಟೊಸ್ಟೆರಾನನ್ನು ಹೊರಗಿನಿಂದ ಪೂರೈಸಿದ ಇನ್ನೊಂದು ಗುಂಪನ್ನೂ ಜತೆಗಿಟ್ಟು ಹೋಲಿಸದಿದ್ದರೆ ಉತ್ತರ ಮತ್ತೆ ಎರಡು ವಾದಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ.